ಮದುವೆಗೆ ಕರೆದಾರ, ಚರ್ಚಿನೊಳಗ ಹೆಂಗ ಹೋಗೋದು?

"ಲಗ್ನಕ್ಕ ಬರ್ರಿ ಅಂತ ಕಾರ್ಡು ಕೊಟ್ಟಾರ. ಚಪ್ಲಿ ಬಿಡಬೇಕೋ, ಹಾಕ್ಕೊಂಡೇ ಹೋಗಬೇಕೋ?"

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯವರು ಬಳ್ಳಾರಿಯ ಕಥೋಲಿಕ ಗೆಳೆಯರ ಮನೆ ಮದುವೆಗೆ ಹೊರಟಾಗ ಏಳುವ ಮೊದಲ ಪ್ರಶ್ನೆ ಇದು. ಉತ್ತರ ತಿಳಿಯದೆ ಚರ್ಚಿನ ಬಾಗಿಲಲ್ಲೇ ನಿಂತು, ಊಟ ಮುಗಿಸಿ ಬಸ್ಸು ಹತ್ತುವವರೂ ಉಂಟು. ಬಂದವರಿಗೆ ಸಂಕೋಚ, ಕರೆದವರಿಗೆ ಬೇಸರ.

ಚಪ್ಪಲಿಯ ಮಾತು ಮೊದಲು. ಬಿಡಲೇಬೇಕೆಂಬ ನಿಯಮ ಕಥೋಲಿಕರಲ್ಲಿಲ್ಲ. ಆದರೆ ಭಾರತದ ಬಿಷಪರು ಕೇಳಿದ 12 ದೇಶಿ ಪದ್ಧತಿಗಳಿಗೆ ರೋಮ್ 1969ರ ಏಪ್ರಿಲ್ 25ರಂದು ಒಪ್ಪಿಗೆ ಕೊಟ್ಟಿತು. ಚಪ್ಪಲಿ ಬಿಡುವುದು, ನೆಲದ ಮೇಲೆ ಕೂರುವುದು, ಮಂಡಿಯೂರುವ ಬದಲು ಕೈಮುಗಿದು ಬಾಗುವುದು, ಎಣ್ಣೆ ದೀಪ, ಆರತಿ ಎಲ್ಲ ಅದರಲ್ಲಿವೆ. ಆದ್ದರಿಂದ ಬಾಗಿಲ ಬಳಿ ನೋಡಿ. ಚಪ್ಪಲಿ ಸಾಲಾಗಿದ್ದರೆ ಬಿಡಿ, ಇಲ್ಲದಿದ್ದರೆ ಹಾಗೇ ನಡೆಯಿರಿ.

ಹೆಂಗಸರ ತಲೆಯ ಮೇಲೆ ಮುಸುಕು ಇರಬೇಕೆಂದು 1917ರ ಚರ್ಚ್ ಕಾನೂನು ಹೇಳಿತ್ತು. 1983ರ ಹೊಸ ಕಾನೂನಿನಲ್ಲಿ ಆ ಮಾತಿಲ್ಲ. ಸೆರಗು ಹೊದ್ದರೆ ಬೇಡವೆನ್ನುವವರೂ ಇಲ್ಲ.

ಬಾಗಿಲಲ್ಲಿ ಬಟ್ಟಲಿನ ನೀರು ಇರುತ್ತದೆ. ಕಥೋಲಿಕರು ಅದರಲ್ಲಿ ಬೆರಳದ್ದಿ ಶಿಲುಬೆಯ ಗುರುತು ಹಾಕಿಕೊಳ್ಳುತ್ತಾರೆ. ಅದು ಅವರ ದೀಕ್ಷಾಸ್ನಾನದ ನೆನಪು. ಅಂಗೈಯಲ್ಲಿ ಹಿಡಿದು ಕುಡಿಯುವ ತೀರ್ಥವಲ್ಲ. ಒಳಗೆ ಪೀಠದ ಹತ್ತಿರ ನಂದಾದೀಪದಂತೆ ಸದಾ ಉರಿಯುವ ದೀಪ. ಅಲ್ಲಿ ಪರಮಪ್ರಸಾದ ಇಟ್ಟಿದೆ ಎಂಬ ಗುರುತು ಅದು. ಅದಕ್ಕೇ ಅವರು ಬಲಮಂಡಿ ನೆಲಕ್ಕೂರುತ್ತಾರೆ. ಬೇರೆಯವರು ಕೈಮುಗಿದರೆ ಸಾಕು. ಎಲ್ಲರೂ ಎದ್ದಾಗ ಎದ್ದು ನಿಂತು, ಮಂಡಿಯೂರಿದಾಗ ಸುಮ್ಮನೆ ಕೂತರೂ ನಡೆದೀತು.

ನಿಜವಾದ ತೊಡಕು ಪ್ರಸಾದದ್ದು. ನಮ್ಮ ಗುಡಿಗಳಲ್ಲಿ ಪ್ರಸಾದ ಎಲ್ಲರಿಗೂ ಉಂಟು, ಬೇಡವೆಂದರೇ ತಪ್ಪು. ಅಲ್ಲಿಯೂ ಹೆಸರು 'ಪರಮಪ್ರಸಾದ'. ಹೀಗಾಗಿ ಭಕ್ತಿಯಿಂದಲೇ ಸಾಲಿನಲ್ಲಿ ನಿಲ್ಲುವವರಿದ್ದಾರೆ. ಆದರೆ ಕಥೋಲಿಕರ ನಂಬಿಕೆಯಲ್ಲಿ ಅದು ಸಾಕ್ಷಾತ್ ಕ್ರಿಸ್ತನ ಶರೀರ. ಅವರೂ ಒಂದು ತಾಸು ಉಪವಾಸವಿದ್ದೇ ತೆಗೆದುಕೊಳ್ಳುತ್ತಾರೆ. ದೊಡ್ಡ ಪಾಪ ಮಾಡಿದವರು ಮೊದಲು ಗುರುಗಳ ಹತ್ತಿರ ಪಾಪನಿವೇದನೆ ಮಾಡಬೇಕು. ಆದ್ದರಿಂದ ಅತಿಥಿ ತನ್ನ ಜಾಗದಲ್ಲೇ ಕೂತರೆ ಅವಮರ್ಯಾದೆಯಲ್ಲ, ಅದೇ ಮರ್ಯಾದೆ. ತಿಳಿಯದೆ ಕೈಯೊಡ್ಡಿದ್ದರೆ, ಮನೆಯ ಮಕ್ಕಳಿಗೆಂದು ಜೇಬಿಗೆ ಹಾಕಬೇಡಿ. ಗುರುಗಳಿಗೇ ಮೆಲ್ಲಗೆ ಹಿಂದಿರುಗಿಸಿ.

ಉಳಿದದ್ದು ಮೌನ. ಅದನ್ನು ಈ ಸೀಮೆಯವರಿಗೆ ಯಾರೂ ಕಲಿಸಬೇಕಾಗಿಲ್ಲ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಗೊರವಯ್ಯ ಬಿಲ್ಲನ್ನೇರಿ "ಸದ್ದಲೇ" ಎಂದರೆ ಸಾಕು, ಕಿಕ್ಕಿರಿದ ಜಾತ್ರೆಯೇ ಉಸಿರು ಬಿಗಿಹಿಡಿಯುತ್ತದೆ. ಆ ಗಳಿಗೆ ಕಂಡವರಿಗೆ ಚರ್ಚಿನ ಮರ್ಯಾದೆ ಹೊಸದಲ್ಲ. ಮೊಬೈಲು ಒಂದನ್ನು ಬಾಗಿಲಲ್ಲೇ ಬಂದ್ ಮಾಡಿ, ಧೈರ್ಯವಾಗಿ ಒಳಗೆ ಹೋಗಿ ಕೂತರಾಯಿತು.