ಅಪ್ಪನಿಗೊಂದು ಆಟೊಮ್ಯಾಟಿಕ್ ಕಾರು: ಮೊದಲು ಮೊಣಕಾಲನ್ನ ಕೇಳಿ, ಮೈಲೇಜ್ ಆಮೇಲೆ

ಇವತ್ತಿನ ಮಾತು ಕಾರಿನ ಬಗ್ಗೆ. ನಿಜ ಹೇಳಬೇಕಂದ್ರೆ ನಮ್ಮಪ್ಪನ ಎಡ ಮೊಣಕಾಲಿನ ಬಗ್ಗೆ.

ಅಪ್ಪನಿಗೆ ಈಗ 71. ಧಾರವಾಡದಿಂದ ನೌಕರಿಗೆ ಅಂತ ಪುಣೆಗೆ ಬಂದು ಕೋಥ್ರೂಡ್‌ನಲ್ಲೇ ನೆಲೆಸಿದವರು. 30 ವರ್ಷ ಗೇರ್ ಗಾಡಿ ಓಡಿಸಿದ ಕೈ. ಒಂದು ಸಂಜೆ ಕರ್ವೆ ರೋಡಿನ ಟ್ರಾಫಿಕ್‌ನಲ್ಲಿ ಕ್ಲಚ್ ಒತ್ತಿ ಒತ್ತಿ ಮನೆಗೆ ಬಂದವರು, ಕೆಳಗಿಳಿಯೋಕೆ ಆಗದೆ ಐದು ನಿಮಿಷ ಸೀಟಿನಲ್ಲೇ ಕೂತಿದ್ರು. "ಸಾಕಪಾ, ಗಾಡಿ ಮಾರಿಬಿಡೂಣು. ಇನ್ನ ರಿಕ್ಷಾದಾಗ ಅಡ್ಡಾಡತೀನಿ" ಅಂದ್ರು. ಮಾತು ಹಗುರಾಗಿತ್ತು, ಮುಖ ಹಗುರಾಗಿರಲಿಲ್ಲ. ಅವ್ವನ್ನ ಆಸ್ಪತ್ರೆಗೆ ಕರ್ಕೊಂಡು ಹೋಗೋದು, ಭಾನುವಾರ ಗೆಳೆಯರ ಮನೆ, ವರ್ಷಕ್ಕೆ ಎರಡು ಸಲ ಧಾರವಾಡ, ಇದೆಲ್ಲಾ ಆ ಒಂದು ಕೀಲಿಕೈ ಮೇಲೇ ನಿಂತಿತ್ತು.

ಹಂಗಾಗಿ ಆಟೊಮ್ಯಾಟಿಕ್ ಹುಡುಕೋಕೆ ಹೊರಟ್ವಿ. ಬಜೆಟ್ ಸಣ್ಣದು, ಕಾರೂ ಸಣ್ಣದೇ ಬೇಕು. ಆವಾಗ ಕಲಿತದ್ದನ್ನ ಒಂದೊಂದಾಗಿ ಹೇಳ್ತೀನಿ.

ಆಟೊಮ್ಯಾಟಿಕ್ ಎಲ್ಲಾ ಒಂದೇ ಅಲ್ಲ

ನಮ್ಮ ದೇಶದ ಸಣ್ಣ ಕಾರುಗಳಲ್ಲಿ ಹೆಚ್ಚಾಗಿ ಸಿಗೋದು ಎಎಂಟಿ. 2014ರಲ್ಲಿ ಮಾರುತಿ ಸೆಲೆರಿಯೊ ಜೊತೆ ಇದು ಇಲ್ಲಿಗೆ ಬಂತು. ಒಳಗಿರೋದು ಅದೇ ಗೇರ್‌ಬಾಕ್ಸ್, ಅದೇ ಕ್ಲಚ್. ನಿಮ್ಮ ಎಡಗಾಲು, ಎಡಗೈ ಮಾಡ್ತಿದ್ದ ಕೆಲಸವನ್ನ ಒಂದು ಯಂತ್ರ ಮಾಡುತ್ತೆ, ಅಷ್ಟೇ. ಅದಕ್ಕೇ ಅಗ್ಗ. ಗೇರ್ ಗಾಡಿಗಿಂತ ಸುಮಾರು 50,000 ರೂಪಾಯಿ ಹೆಚ್ಚು ಕೊಟ್ಟರೆ ಸಿಗುತ್ತೆ. ಮೈಲೇಜೂ ಹೆಚ್ಚುಕಡಿಮೆ ಅಷ್ಟೇ ಬರುತ್ತೆ. ವ್ಯಾಗನ್‌ಆರ್, ಸೆಲೆರಿಯೊ, ಟಿಯಾಗೊ, ಕ್ವಿಡ್ ಎಲ್ಲಾ ಈ ಗುಂಪು. ಕೊರತೆ ಏನಂದ್ರೆ, ಗೇರ್ ಬದಲಾಗುವಾಗ ಗಾಡಿ ಸ್ವಲ್ಪ ತಲೆದೂಗುತ್ತೆ.

ಎರಡನೇದು ಸಿವಿಟಿ. ಇದರಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಗೇರ್ ಇಲ್ಲ. ಎರಡು ರಾಟೆ, ನಡುವೆ ಒಂದು ಬೆಲ್ಟ್. ರಾಟೆಯ ಅಗಲ ಬದಲಾದ ಹಾಗೆ ವೇಗ ಬದಲಾಗುತ್ತೆ, ಜರ್ಕ್ ಇರಲ್ಲ. ಹೋಂಡಾ ಅಮೇಜ್, ನಿಸಾನ್ ಮ್ಯಾಗ್ನೈಟ್ ಟರ್ಬೊದಲ್ಲಿ ಇದೆ. ಬೆಲೆ ಮಾತ್ರ ಎಎಂಟಿಗಿಂತ ಮೇಲೆ.

ಮೂರನೇದು ಎಲೆಕ್ಟ್ರಿಕ್. ಟಿಯಾಗೊ ಇವಿ, ಎಂಜಿ ಕಾಮೆಟ್ ಇದ್ದಾವೆ. ಬದಲಾಯಿಸೋಕೆ ಗೇರೇ ಇಲ್ಲ, ಓಡಿಸೋದು ಬಹಳ ಸಲೀಸು. ಕಾಮೆಟ್ ಅಂತೂ 4.2 ಮೀಟರ್ ತ್ರಿಜ್ಯದಲ್ಲಿ ತಿರುಗುತ್ತೆ. ಪೇಠ್‌ಗಳ ಗಲ್ಲಿಗೆ ಹೇಳಿ ಮಾಡಿಸಿದ ಹಾಗೆ. ಆದ್ರೆ ಸೊಸೈಟಿಯಲ್ಲಿ ನಿಮ್ಮ ಪಾರ್ಕಿಂಗ್ ಜಾಗದ ತನಕ ಕರೆಂಟ್ ಎಳೆಯೋಕೆ ಒಪ್ಪಿಗೆ ಮೊದಲೇ ತಗೊಳ್ಳಿ. ನಮ್ಮಲ್ಲಿ ಸಿಗಲಿಲ್ಲ, ಆ ಆಸೆ ಅಲ್ಲಿಗೇ ಬಿಟ್ವಿ.

ಮೈಲೇಜ್ ಲೆಕ್ಕ

ಪುಣೆಯವರಿಗೆ ಇದು ಮನೆ ಪಕ್ಕದ ವಿಷಯ. ಎಲ್ಲರೂ "ಎಆರ್‌ಎಐ ಮೈಲೇಜ್" ಅಂತೀವಲ್ಲ, 1966ರಲ್ಲಿ ಶುರುವಾದ ಆ ಸಂಸ್ಥೆ ಇರೋದು ನಮ್ಮ ಕೋಥ್ರೂಡ್ ಟೇಕಡಿ ಮೇಲೇ. ಮೈಲೇಜ್ ಪರೀಕ್ಷೆ ಲ್ಯಾಬಿನೊಳಗೆ ರೋಲರ್ ಮೇಲೆ ನಡೆಯುತ್ತೆ. ಅಲ್ಲಿ ಲಕ್ಷ್ಮಿ ರೋಡಿನ ಗಣಪತಿ ಹಬ್ಬದ ಜಾಮ್ ಇರಲ್ಲ. ಹಂಗಾಗಿ ವ್ಯಾಗನ್‌ಆರ್ ಎಎಂಟಿಗೆ 25 ಅಂತ ಬರೆದಿದ್ರೆ, ಊರೊಳಗೆ ಅದಕ್ಕಿಂತ ಕಡಿಮೆ ಅಂತ ತಿಳಿದೇ ಲೆಕ್ಕ ಹಾಕಿ.

ಹಿರಿಯರು ತಿಂಗಳಿಗೆ 500 ಕಿಲೋಮೀಟರ್ ಓಡಿಸ್ತಾರೆ ಅಂದ್ಕೊಳ್ಳಿ. ಲೀಟರಿಗೆ 20 ಕೊಡೋ ಗಾಡಿಗೆ 25 ಲೀಟರ್ ಬೇಕು, 18 ಕೊಡೋ ಗಾಡಿಗೆ ಸುಮಾರು 28. ಪೆಟ್ರೋಲ್ ಲೀಟರಿಗೆ 100 ರೂಪಾಯಿ ಹಿಡಿದರೂ ವ್ಯತ್ಯಾಸ ತಿಂಗಳಿಗೆ 300ರ ಒಳಗೆ. ಈ 300 ರೂಪಾಯಿಗೋಸ್ಕರ ಸೊಂಟಕ್ಕೆ ಒಗ್ಗದ ಸೀಟು ತಗೋಬೇಡಿ.

ಕೂತು ಎದ್ದು ನೋಡಿ

ಟೆಸ್ಟ್ ಡ್ರೈವ್‌ಗೆ ಮಗ ಒಬ್ಬನೇ ಹೋಗೋದಲ್ಲ, ಓಡಿಸೋರನ್ನೇ ಕರ್ಕೊಂಡು ಹೋಗಿ. ಐದು ಸಲ ಹತ್ತಿ ಇಳೀಲಿ. ಬಹಳ ತಗ್ಗಿನ ಸೀಟಾದ್ರೆ ಮೊಣಕಾಲಿನ ಮೇಲೆ ಭಾರ ಹಾಕಿ ಏಳಬೇಕು, ಬಹಳ ಎತ್ತರವಾದ್ರೆ ಕಾಲೆತ್ತಿ ಹತ್ತಬೇಕು. ಕುರ್ಚಿ ಮೇಲೆ ಕೂತಷ್ಟು ಸಲೀಸಾಗಿರಬೇಕು. ವ್ಯಾಗನ್‌ಆರ್‌ನ ಎತ್ತರದ ಆಕಾರ ಅಪ್ಪನಿಗೆ ಹಿಡಿಸಿದ್ದು ಇದಕ್ಕೇ. ಕುತ್ತಿಗೆ ಪೂರ್ತಿ ತಿರುಗದವರಿಗೆ ಹಿಂದಿನ ಕ್ಯಾಮೆರಾ ಶೋಕಿ ಅಲ್ಲ, ಅಗತ್ಯ.

ಆಮೇಲೆ ಏರು. ನಾವು ನೋಡಿದ ಒಂದು ಎಎಂಟಿ ಗಾಡಿ ಟೇಕಡಿ ಏರಿನಲ್ಲಿ ಬ್ರೇಕ್ ಬಿಟ್ಟ ಕೂಡಲೇ ಒಂದು ಗೇಣು ಹಿಂದಕ್ಕೆ ಜಾರ್ತು. ಧಾರವಾಡಕ್ಕೆ ಹೋಗೋ ದಾರೀಲಿ ಖಂಬಾಟಕಿ ಘಾಟ್ ಇದೆ, ಅಲ್ಲಿ ಲಾರಿ ಸಾಲಿನ ನಡುವೆ ಹಿಂಗೆ ಜಾರಿದ್ರೆ? ಹಿಲ್ ಹೋಲ್ಡ್ ಇದ್ದರೆ ಬ್ರೇಕ್ ಬಿಟ್ಟ ಮೇಲೂ ಗಾಡಿಯನ್ನ ಒಂದೆರಡು ಸೆಕೆಂಡ್ ಹಿಡಿದಿಡುತ್ತೆ. ಆ ವೇರಿಯಂಟನ್ನೇ ಕೇಳಿ ತಗೊಳ್ಳಿ. ಆಕ್ಸಿಲರೇಟರ್ ಒತ್ತಿ ಏರಿನಲ್ಲಿ ನಿಲ್ಲಿಸೋ ಚಾಳಿ ಮಾತ್ರ ಬೇಡ, ಎಎಂಟಿ ಕ್ಲಚ್ ಸುಟ್ಟುಹೋಗುತ್ತೆ. ಇನ್ನೊಂದು, ಈ ಸಣ್ಣ ಎಎಂಟಿ ಗಾಡಿಗಳಲ್ಲಿ "ಪಿ" ಅನ್ನೋ ಪಾರ್ಕಿಂಗ್ ಗೇರ್ ಇರಲ್ಲ. ನಿಲ್ಲಿಸುವಾಗ ಹ್ಯಾಂಡ್‌ಬ್ರೇಕ್ ಎಳೆದು, ಗೇರ್‌ನಲ್ಲೇ ಬಿಟ್ಟು ಎಂಜಿನ್ ಆಫ್ ಮಾಡಬೇಕು.

ಎಲ್ಲಕ್ಕಿಂತ ಮುಖ್ಯ: ಕಾಲು

ಮೊದಲ ದಿನ ಅಪ್ಪ ಎಡಗಾಲಿನಿಂದ ಕ್ಲಚ್ ಅಂತ ತಿಳಿದು ಬ್ರೇಕ್ ಒತ್ತಿಬಿಟ್ಟರು. ಗಾಡಿ ಗಕ್ಕನೆ ನಿಂತು ನನ್ನ ಹಣೆ ಮುಂದಕ್ಕೆ ಹೋಯ್ತು. ನಕ್ವಿ. ನಾಲ್ಕನೇ ದಿನ ಸೊಸೈಟಿ ಪಾರ್ಕಿಂಗ್‌ನಲ್ಲಿ ಬ್ರೇಕ್ ಅಂತ ಆಕ್ಸಿಲರೇಟರ್ ಒತ್ತಿದ್ರು. ಕಂಬಕ್ಕೆ ಒಂದು ಮೊಳ ಇರುವಾಗ ನಿಂತಿತು. ಆವತ್ತು ಯಾರೂ ನಗಲಿಲ್ಲ.

ಇದು ಅಪ್ಪ ಒಬ್ಬರ ಕಥೆ ಅಲ್ಲ. 2019ರ ಏಪ್ರಿಲ್‌ನಲ್ಲಿ ಟೋಕಿಯೊದ ಇಕೆಬುಕುರೊದಲ್ಲಿ 87 ವರ್ಷದ ಚಾಲಕರೊಬ್ಬರು ಹಿಂಗೇ ಪೆಡಲ್ ತಪ್ಪಿ ಒತ್ತಿ, ರಸ್ತೆ ದಾಟ್ತಿದ್ದ ತಾಯಿ-ಮಗಳು ತೀರಿಕೊಂಡರು. ಗೇರ್ ಗಾಡಿಯಲ್ಲಿ ತಪ್ಪಾದ್ರೆ ಎಡಗಾಲು ಕ್ಲಚ್ ಒತ್ತಿ ಕಾಪಾಡುತ್ತೆ. ಆಟೊಮ್ಯಾಟಿಕ್‌ನಲ್ಲಿ ಆ ಎರಡನೇ ಅವಕಾಶ ಇಲ್ಲ.

ನಾವು ಮಾಡಿದ್ದು ಇಷ್ಟು. ಎರಡು ವಾರ ಬೆಳಿಗ್ಗೆ ಆರಕ್ಕೆ, ಖಾಲಿ ಜಾಗದಲ್ಲಿ ಅಭ್ಯಾಸ. ಎಡಗಾಲು ಹಿಂದಕ್ಕೆ ಮಡಚಿಡೋದು. ಬಲಗಾಲಿನ ಹಿಮ್ಮಡಿ ಬ್ರೇಕಿನ ಮುಂದೆ ಊರಿ, ಪಾದ ಮಾತ್ರ ಹೊರಳಿಸೋದು. ಪಾರ್ಕಿಂಗ್‌ನಲ್ಲಿ ಆಕ್ಸಿಲರೇಟರ್ ಮುಟ್ಟೋದೇ ಇಲ್ಲ. ಬ್ರೇಕ್ ಸಡಿಲಿಸಿದ್ರೆ ಗಾಡಿ ತಾನೇ ತೆವಳುತ್ತೆ, ಅಷ್ಟೇ ಸಾಕು. "ನನಗ ಡ್ರೈವಿಂಗ್ ಕಲಸ್ತೀಯೇನಲೇ?" ಅಂತ ಬೈದ್ರು. ಬೈತಾನೇ ಕಲಿತ್ರು.

55 ದಾಟಿದವರ ಲೈಸೆನ್ಸ್ ಐದೈದು ವರ್ಷಕ್ಕೆ ನವೀಕರಣ ಆಗಬೇಕು, ಅದಕ್ಕೆ ಡಾಕ್ಟರ್ ಸರ್ಟಿಫಿಕೇಟ್ ಬೇಕು. ಅದನ್ನ ಬರೀ ಸಹಿ ಅಂತ ಮುಗಿಸಬೇಡಿ, ಕಣ್ಣು ನಿಜವಾಗಿ ತೋರಿಸಿ. ಅಪ್ಪನೂ ನಾನೂ ಒಂದು ಒಪ್ಪಂದ ಮಾಡ್ಕೊಂಡೀವಿ: ರಾತ್ರಿ ಓಡಿಸಲ್ಲ, ಘಾಟ್ ಬಂದ್ರೆ ಸ್ಟಿಯರಿಂಗ್ ನನ್ನ ಕೈಗೆ, ಮತ್ತೆ ಪೆಡಲ್ ತಪ್ಪಿದ್ರೆ ಮುಚ್ಚಿಡದೆ ಹೇಳಬೇಕು. ಮತ್ತೊಂದು ಸಲ ತಪ್ಪಿದ ದಿನ ಕೀಲಿಕೈ ತಾವೇ ಕೊಡ್ತೀನಿ ಅಂದಿದ್ದಾರೆ.

ಸದ್ಯಕ್ಕೆ ಕೀಲಿಕೈ ಅವರ ಜೇಬಿನಲ್ಲೇ ಇದೆ.