ಮನೆಯ ಗಣಕಯಂತ್ರದಲ್ಲಿ ಕುಕಿ: ಗುರುತಿಸುವುದು, ಅಳಿಸುವುದು

ಪಹಣಿ ನೋಡುವುದು, ಪೇಟೆ ಧಾರಣೆ ತಿಳಿಯುವುದು, ಬ್ಯಾಂಕ್ ಖಾತೆ ಪರಿಶೀಲಿಸುವುದು ಮುಂತಾದ ಕೆಲಸಗಳು ಮುಡಬಿಯಂತಹ ಊರುಗಳಲ್ಲಿಯೂ ಈಗ ಗಣಕಯಂತ್ರದಲ್ಲಿ ಸಾಧ್ಯವಾಗಿವೆ. ಸಾಮಾನ್ಯವಾಗಿ ಮನೆಯಲ್ಲಿ ಯಂತ್ರ ಒಂದೇ, ಬಳಸುವವರು ನಾಲ್ಕಾರು ಮಂದಿ. ಒಬ್ಬರು ಇ-ಮೇಲ್ ನೋಡಿ ಪುಟ ಮುಚ್ಚಿ ಎದ್ದ ಮೇಲೆ ಇನ್ನೊಬ್ಬರು ಅದೇ ತಾಣ ತೆರೆದರೆ, ಪಾಸ್‌ವರ್ಡ್ ಕೇಳದೆಯೇ ಮೊದಲಿನವರ ಪತ್ರಗಳು ಕಾಣಿಸುವುದುಂಟು. ಬೇರೆ ಖಾತೆಗಳ ಪಾಸ್‌ವರ್ಡ್ ಬದಲಿಸುವ ಸಂದೇಶಗಳೂ ಇ-ಮೇಲಿಗೇ ಬರುವುದರಿಂದ ಇದು ಅಲಕ್ಷಿಸುವ ವಿಷಯವಲ್ಲ. ಇದಕ್ಕೆ ಕಾರಣ ಕುಕಿ.

ಕುಕಿ ಎಂದರೇನು? ಹುಮನಾಬಾದಿನ ಅಡತಿ ಅಂಗಡಿಗೆ ತೊಗರಿ ಒಯ್ದ ರೈತನಿಗೆ ಗುಮಾಸ್ತನು ನಂಬರು ಬರೆದ ಚೀಟಿ ಕೊಟ್ಟನೆಂದು ಭಾವಿಸೋಣ. ಮುಂದಿನ ಸಲ ಚೀಟಿ ತೋರಿಸಿದರೆ ಸಾಕು, ಗುಮಾಸ್ತನು ಆ ನಂಬರಿನ ಲೆಕ್ಕ ತೆಗೆಯುತ್ತಾನೆ. ಜಾಲತಾಣಕ್ಕೆ ಸ್ವಂತ ನೆನಪಿಲ್ಲ. ಒಂದು ಪುಟ ಕಳಿಸಿದ ಮೇಲೆ ಕೇಳಿದವರು ಯಾರೆಂಬುದು ಅದಕ್ಕೆ ತಿಳಿಯದು. ಆದುದರಿಂದ ಅದು ಸುಮಾರು 4 ಕಿಲೋಬೈಟ್ ಮೀರದ ಒಂದು ಚೀಟಿಯನ್ನು ಬ್ರೌಸರಿನಲ್ಲಿ ಇಡುತ್ತದೆ. ಈ ಉಪಾಯವನ್ನು 1994ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯ ಲೂ ಮಾಂಟುಲಿ ರೂಪಿಸಿದರು. ಕುಕಿ ವೈರಸ್ ಅಲ್ಲ. ಎಲ್ಲ ಕುಕಿಗಳನ್ನೂ ತಡೆದರೆ ಲಾಗಿನ್ ಆಗುವುದೇ ಕಷ್ಟ.

ತೊಂದರೆ ಕೊಡುವುದು ಮೂರನೆಯವರ ಕುಕಿ. ಬೀಜದ ಪುಟದಲ್ಲಿ ಜಾಹೀರಾತು ಹಾಕಿದ ಮಧ್ಯವರ್ತಿಯೂ ತನ್ನದೊಂದು ಚೀಟಿ ಇಟ್ಟಿರುತ್ತಾನೆ. ಅವನ ಜಾಹೀರಾತು ಟ್ರ್ಯಾಕ್ಟರ್ ಸಾಲದ ಪುಟದಲ್ಲಿಯೂ ಇದ್ದರೆ, ಬೆಳಿಗ್ಗೆ ಸೋಯಾ ಬೀಜ ಹುಡುಕಿದ ಯಂತ್ರವೇ ಸಂಜೆ ಸಾಲ ವಿಚಾರಿಸುತ್ತಿದೆಯೆಂದು ಅವನಿಗೆ ಗೊತ್ತಾಗುತ್ತದೆ. ಫೈರ್‌ಫಾಕ್ಸ್ ಇಂತಹವನ್ನು ತಾನಾಗಿಯೇ ಬಹುಮಟ್ಟಿಗೆ ನಿರ್ಬಂಧಿಸುತ್ತದೆ. ಕ್ರೋಮ್‌ನಲ್ಲಿ ಇವನ್ನು ಪೂರ್ತಿ ತೆಗೆದುಹಾಕುವ ಯೋಜನೆಯನ್ನು ಗೂಗಲ್ 2024ರಲ್ಲಿ ಕೈಬಿಟ್ಟಿತು. ಹಾಗಾಗಿ ಬಳಸುವವರೇ ತಡೆಯಬೇಕು. ಬಲ ಮೇಲ್ತುದಿಯ ಮೂರು ಚುಕ್ಕೆ ಒತ್ತಿ 'ಸೆಟ್ಟಿಂಗ್ಸ್', ಅದರಲ್ಲಿ 'ಪ್ರೈವೆಸಿ ಅಂಡ್ ಸೆಕ್ಯುರಿಟಿ', ಅಲ್ಲಿ 'ಥರ್ಡ್ ಪಾರ್ಟಿ ಕುಕೀಸ್' ತೆರೆದು 'ಬ್ಲಾಕ್' ಆಯ್ದುಕೊಳ್ಳಬೇಕು. ಅದೇ ವಿಭಾಗದ 'ಸೈಟ್ ಸೆಟ್ಟಿಂಗ್ಸ್'ನಲ್ಲಿ ಯಾವ ತಾಣ ಎಷ್ಟು ಮಾಹಿತಿ ಇಟ್ಟಿದೆಯೆಂಬ ಪಟ್ಟಿ ಸಿಗುತ್ತದೆ. ಬೇಡವಾದ ತಾಣದ ಪಕ್ಕದ ಕಸದ ಬುಟ್ಟಿಯ ಗುರುತು ಒತ್ತಿದರೆ ಅದೊಂದೇ ಹೋಗುತ್ತದೆ.

ಎಲ್ಲವನ್ನೂ ಅಳಿಸಲು ಕಂಟ್ರೋಲ್, ಶಿಫ್ಟ್, ಡಿಲೀಟ್ ಈ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಬೇಕು. ಕ್ರೋಮ್, ಎಡ್ಜ್, ಫೈರ್‌ಫಾಕ್ಸ್ ಮೂರಕ್ಕೂ ಇದೇ ಕ್ರಮ. ಕುಕಿಗಳ ಮುಂದೆ ಮಾತ್ರ ಗುರುತು ಹಾಕಿದರೆ ಉಳಿಸಿಟ್ಟ ಪಾಸ್‌ವರ್ಡ್‌ಗಳಿಗೆ ಧಕ್ಕೆಯಿಲ್ಲ. ಅವಧಿಯನ್ನು ಒಂದು ಗಂಟೆಗೆ ಬಿಟ್ಟರೆ ಹಳೆಯ ಕುಕಿಗಳು ಹಾಗೆಯೇ ಉಳಿಯುತ್ತವೆ. ಎಲ್ಲ ಕಾಲಕ್ಕೂ ಅನ್ವಯಿಸುವಂತೆ ಆರಿಸಬೇಕು.

ಆದರೆ ಅಳಿಸುವ ಮೊದಲು ಲಾಗೌಟ್ ಮಾಡುವುದು ಅಗತ್ಯ. ಅನೇಕರು ಎಡವುವುದು ಇಲ್ಲಿಯೇ. ರೈತನು ತನ್ನ ಕೈಯ ಚೀಟಿ ಹರಿದರೂ ಗುಮಾಸ್ತನ ಪುಸ್ತಕದಲ್ಲಿ ಆ ನಂಬರು ಚಾಲ್ತಿಯಲ್ಲಿರುತ್ತದೆ. ಅದರ ನಕಲು ಯಾರಲ್ಲಾದರೂ ಇದ್ದರೆ ಇನ್ನೂ ನಡೆಯುತ್ತದೆ. ಲಾಗೌಟ್ ಎಂದರೆ ಪುಸ್ತಕದಲ್ಲಿಯೇ ಹೊಡೆದು ಹಾಕಿಸಿದಂತೆ. ಕ್ರೋಮ್ ಬ್ರೌಸರಿಗೇ ಗೂಗಲ್ ಖಾತೆ ಜೋಡಿಸಿದ್ದಲ್ಲಿ ಕುಕಿ ಅಳಿಸಿದರೂ ಆ ಖಾತೆ ತೆರೆದೇ ಇರಬಹುದು. ಅದರಿಂದ ಪ್ರತ್ಯೇಕವಾಗಿ ಹೊರಬರಬೇಕು.

ಬೇರೆಯವರ ಯಂತ್ರದಲ್ಲಿ ಕೆಲಸ ಮಾಡುವಾಗ ಮೂರು ಚುಕ್ಕೆಯಿಂದ 'ಇನ್‌ಕಾಗ್ನಿಟೊ' ಕಿಟಕಿ ತೆರೆಯುವುದು ಒಳ್ಳೆಯದು. ಅಂತಹ ಕಿಟಕಿಗಳನ್ನೆಲ್ಲ ಮುಚ್ಚಿದೊಡನೆ ಅದರ ಕುಕಿಗಳೂ ಹೋಗುತ್ತವೆ. ಇಳಿಸಿಕೊಂಡ ಪಹಣಿಯ ಪ್ರತಿ ಮಾತ್ರ ಅಲ್ಲಿಯೇ ಉಳಿಯುವುದರಿಂದ ಅದನ್ನು ಕೈಯಾರೆ ಅಳಿಸಬೇಕು.