ಸಂಶೋಧನಾ ಮಹಾಪ್ರಬಂಧ: ಮಾರ್ಗದರ್ಶಕರು ಹಾಗೂ ಇತರ ಬೋಧಕರ ಹೊಣೆಗಾರಿಕೆ ಕುರಿತು ಅಭ್ಯರ್ಥಿಗಳಿಗೆ ಮಾಹಿತಿ

ಅತ್ತಿಗುಪ್ಪೆ, ವಿಜಯನಗರ, ರಾಜಾಜಿನಗರ, ಬಸವೇಶ್ವರನಗರ ಹಾಗೂ ಕೆಂಗೇರಿ ಪ್ರದೇಶಗಳ ಪದವೀಧರರಿಗೆ ಸಮೀಪದಲ್ಲಿರುವ ಸಂಶೋಧನಾ ಕೇಂದ್ರಗಳಲ್ಲೊಂದು 1964ರಲ್ಲಿ ಸ್ಥಾಪನೆಯಾದ ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣ. ಅತ್ತಿಗುಪ್ಪೆ ಮೆಟ್ರೋ ನಿಲ್ದಾಣದಿಂದ ನೇರಳೆ ಮಾರ್ಗದಲ್ಲಿ, ರೈಲು ಬದಲಿಸದೆ, ಜ್ಞಾನಭಾರತಿ ನಿಲ್ದಾಣವನ್ನು ತಲುಪಬಹುದಾಗಿದೆ. ಇಲ್ಲಿ ಅಥವಾ ರಾಜ್ಯದ ಇತರ ವಿಶ್ವವಿದ್ಯಾಲಯಗಳಲ್ಲಿ ಪಿಎಚ್.ಡಿ. ಪದವಿಗೆ ಅರ್ಜಿ ಸಲ್ಲಿಸುವವರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ.

ಮಹಾಪ್ರಬಂಧದ ಎಲ್ಲ ತೀರ್ಮಾನಗಳೂ ಮಾರ್ಗದರ್ಶಕರೊಬ್ಬರ ಕೈಯಲ್ಲಿಯೇ ಇವೆ ಎಂಬ ಭಾವನೆ ಅನೇಕ ಅಭ್ಯರ್ಥಿಗಳಲ್ಲಿ ಇರುತ್ತದೆ. ವಿಶ್ವವಿದ್ಯಾಲಯ ಅನುದಾನ ಆಯೋಗವು (ಯು.ಜಿ.ಸಿ.) 2022ರ ನವೆಂಬರ್ 7ರಂದು ಪ್ರಕಟಿಸಿದ ಪಿಎಚ್.ಡಿ. ವಿನಿಯಮಗಳ ಪ್ರಕಾರ ಈ ಹೊಣೆಯು ಮಾರ್ಗದರ್ಶಕರು, ಸಂಶೋಧನಾ ಸಲಹಾ ಸಮಿತಿ ಮತ್ತು ಬಾಹ್ಯ ಪರೀಕ್ಷಕರ ನಡುವೆ ಹಂಚಿಕೆಯಾಗಿರುತ್ತದೆ. ಯಾವ ಹಂತದಲ್ಲಿ ಯಾರನ್ನು ಕೇಳಬೇಕೆಂಬುದು ತಿಳಿಯದೆ ಕಾಲ ಕಳೆದಲ್ಲಿ, ಅವಧಿ ಮೀರಿ ಹಲವು ವರ್ಷಗಳ ಶ್ರಮ ವ್ಯರ್ಥವಾಗುವ ಸಂಭವವಿದೆ. ಆದುದರಿಂದ ಅಭ್ಯರ್ಥಿಗಳು ನೋಂದಣಿಗೆ ಮುನ್ನವೇ ಈ ಕೆಳಗಿನ ಅಂಶಗಳನ್ನು ಅರಿತಿರುವುದು ಒಳಿತು.

1. ಮಾರ್ಗದರ್ಶಕರಾಗಲು ಅರ್ಹರು ಯಾರು?

ಕಾಯಂ ಬೋಧಕರು ಮಾರ್ಗದರ್ಶಕರಾಗಬಹುದು. ಅವರು ಪಿಎಚ್.ಡಿ. ಪದವಿ ಪಡೆದಿರತಕ್ಕದ್ದು. ಪ್ರಾಧ್ಯಾಪಕರು ಮತ್ತು ಸಹ ಪ್ರಾಧ್ಯಾಪಕರು ತಜ್ಞರ ಪರಿಶೀಲನೆಗೆ ಒಳಪಟ್ಟ ನಿಯತಕಾಲಿಕಗಳಲ್ಲಿ ಕನಿಷ್ಠ 5 ಸಂಶೋಧನಾ ಲೇಖನಗಳನ್ನೂ, ಸಹಾಯಕ ಪ್ರಾಧ್ಯಾಪಕರು ಕನಿಷ್ಠ 3 ಲೇಖನಗಳನ್ನೂ ಪ್ರಕಟಿಸಿರತಕ್ಕದ್ದು.

ಒಬ್ಬ ಮಾರ್ಗದರ್ಶಕರ ಬಳಿ ಏಕಕಾಲದಲ್ಲಿ ಇರಬಹುದಾದ ಪಿಎಚ್.ಡಿ. ಸಂಶೋಧನಾರ್ಥಿಗಳ ಗರಿಷ್ಠ ಸಂಖ್ಯೆ:

ಪ್ರಾಧ್ಯಾಪಕರು: 8
ಸಹ ಪ್ರಾಧ್ಯಾಪಕರು: 6
ಸಹಾಯಕ ಪ್ರಾಧ್ಯಾಪಕರು: 4

ಮಾರ್ಗದರ್ಶಕರ ಹಾಗೂ ಅವರ ಬಳಿ ಇರುವ ಸಂಶೋಧನಾರ್ಥಿಗಳ ಪಟ್ಟಿಯನ್ನು ಪ್ರತಿ ವಿಶ್ವವಿದ್ಯಾಲಯವೂ ತನ್ನ ಜಾಲತಾಣದಲ್ಲಿ ಪ್ರಕಟಿಸಿ, ಪ್ರತಿ ಶೈಕ್ಷಣಿಕ ವರ್ಷವೂ ಪರಿಷ್ಕರಿಸತಕ್ಕದ್ದು. ಯಾರ ಬಳಿ ಸ್ಥಾನ ಖಾಲಿ ಇದೆ, ಅವರ ಆಸಕ್ತಿಯ ಕ್ಷೇತ್ರ ಯಾವುದು ಎಂಬುದನ್ನು ಈ ಪಟ್ಟಿಯಿಂದ ಅಂದಾಜು ಮಾಡಿಕೊಂಡು ಅರ್ಜಿ ಸಲ್ಲಿಸುವುದು ಸೂಕ್ತ.

2. ಮಾರ್ಗದರ್ಶಕರ ನಿವೃತ್ತಿ

ನಿವೃತ್ತಿಗೆ 3 ವರ್ಷಕ್ಕಿಂತ ಕಡಿಮೆ ಸೇವಾವಧಿ ಉಳಿದಿರುವ ಬೋಧಕರು ಹೊಸ ಸಂಶೋಧನಾರ್ಥಿಗಳನ್ನು ತೆಗೆದುಕೊಳ್ಳುವಂತಿಲ್ಲ. ಈಗಾಗಲೇ ನೋಂದಾಯಿಸಿಕೊಂಡವರಿಗೆ ನಿವೃತ್ತಿಯವರೆಗೆ ಮಾರ್ಗದರ್ಶಕರಾಗಿಯೂ, ಅನಂತರ 70 ವರ್ಷ ವಯಸ್ಸಿನವರೆಗೆ ಸಹ ಮಾರ್ಗದರ್ಶಕರಾಗಿಯೂ ಮುಂದುವರಿಯಬಹುದು. ಅಂದರೆ ಮಾರ್ಗದರ್ಶಕರು ನಿವೃತ್ತರಾದಾಗ ಸೇವೆಯಲ್ಲಿರುವ ಮತ್ತೊಬ್ಬ ಮಾರ್ಗದರ್ಶಕರು ಬೇಕಾಗುತ್ತಾರೆ. ಈ ಬದಲಾವಣೆಗೆ ವಿಭಾಗದ ಮುಖ್ಯಸ್ಥರ ಮೂಲಕ ಮುಂಚಿತವಾಗಿ ಲಿಖಿತ ಮನವಿ ಸಲ್ಲಿಸಿದಲ್ಲಿ ಕೆಲಸ ಸ್ಥಗಿತಗೊಳ್ಳುವುದಿಲ್ಲ.

ವಿವಾಹ ಅಥವಾ ಇತರ ಕಾರಣದಿಂದ ಬೇರೆ ಊರಿಗೆ ತೆರಳಬೇಕಾದ ಮಹಿಳಾ ಸಂಶೋಧನಾರ್ಥಿಗಳು ತಮ್ಮ ಸಂಶೋಧನಾ ಮಾಹಿತಿಯನ್ನು ಅಲ್ಲಿನ ಸಂಸ್ಥೆಗೆ ವರ್ಗಾಯಿಸಿಕೊಳ್ಳಲು ವಿನಿಯಮಗಳ ಷರತ್ತುಗಳಿಗೆ ಒಳಪಟ್ಟು ಅವಕಾಶವಿದೆ.

3. ಸಂಶೋಧನಾ ಸಲಹಾ ಸಮಿತಿ

ಪ್ರತಿಯೊಬ್ಬ ಸಂಶೋಧನಾರ್ಥಿಗೂ ಸಂಶೋಧನಾ ಸಲಹಾ ಸಮಿತಿಯನ್ನು ರಚಿಸಲಾಗುತ್ತದೆ. ಮಾರ್ಗದರ್ಶಕರು ಇದರ ಸಂಚಾಲಕರಾಗಿರುತ್ತಾರೆ. ಸಮಿತಿಯ ಮುಖ್ಯ ಕರ್ತವ್ಯಗಳು:

(ಅ) ಸಂಶೋಧನಾ ಪ್ರಸ್ತಾವವನ್ನು ಪರಿಶೀಲಿಸಿ ವಿಷಯವನ್ನು ಅಂತಿಮಗೊಳಿಸುವುದು;
(ಆ) ಅಧ್ಯಯನ ವಿಧಾನವನ್ನು ರೂಪಿಸಲು ಹಾಗೂ ಅಗತ್ಯ ಕೋರ್ಸ್‌ಗಳನ್ನು ಗುರುತಿಸಲು ನೆರವಾಗುವುದು;
(ಇ) ಪ್ರತಿ ಸೆಮಿಸ್ಟರ್‌ನಲ್ಲಿಯೂ ಸಂಶೋಧನಾರ್ಥಿಯ ಪ್ರಗತಿಯನ್ನು ಪರಿಶೀಲಿಸಿ ವಿಶ್ವವಿದ್ಯಾಲಯಕ್ಕೆ ಶಿಫಾರಸು ಸಲ್ಲಿಸುವುದು.

ಈ ಶಿಫಾರಸಿನ ಪ್ರತಿಯನ್ನು ಸಂಶೋಧನಾರ್ಥಿಗೂ ನೀಡತಕ್ಕದ್ದು. ಪ್ರಗತಿ ತೃಪ್ತಿಕರವಾಗಿಲ್ಲದಿದ್ದಲ್ಲಿ ಸಮಿತಿಯು ಕಾರಣಗಳನ್ನು ದಾಖಲಿಸಿ, ಸರಿಪಡಿಸಿಕೊಳ್ಳುವ ಕ್ರಮಗಳನ್ನು ಸೂಚಿಸಬೇಕು. ಅವುಗಳನ್ನು ಪಾಲಿಸದಿದ್ದಾಗ ಮಾತ್ರ, ನಿರ್ದಿಷ್ಟ ಕಾರಣಗಳೊಂದಿಗೆ, ನೋಂದಣಿ ರದ್ದತಿಗೆ ಶಿಫಾರಸು ಮಾಡಬಹುದು. ಆದುದರಿಂದ ಪ್ರತಿ ಸೆಮಿಸ್ಟರ್‌ನ ವರದಿಯ ಪ್ರತಿಯನ್ನು ಕೇಳಿ ಪಡೆದು ಇಟ್ಟುಕೊಳ್ಳುವುದು ಅತ್ಯಗತ್ಯ. ಮುಂದೆ ಭಿನ್ನಾಭಿಪ್ರಾಯ ಉಂಟಾದಲ್ಲಿ ಈ ವರದಿಗಳೇ ಆಧಾರವಾಗುತ್ತವೆ.

4. ಉದ್ಯೋಗದಲ್ಲಿರುವವರು

ಅರೆಕಾಲಿಕವಾಗಿ ಸಂಶೋಧನೆ ಕೈಗೊಳ್ಳಲು ಅವಕಾಶವಿದೆ. ಇಂತಹವರು ತಾವು ಉದ್ಯೋಗದಲ್ಲಿರುವ ಸಂಸ್ಥೆಯ ಸೂಕ್ತ ಪ್ರಾಧಿಕಾರದಿಂದ ನಿರಾಕ್ಷೇಪಣಾ ಪತ್ರ ತರತಕ್ಕದ್ದು. ಸಂಶೋಧನೆಗೆ ಸಾಕಷ್ಟು ಸಮಯ ದೊರೆಯುತ್ತದೆಂದೂ, ಅಗತ್ಯವಿದ್ದಲ್ಲಿ ಕೋರ್ಸ್‌ವರ್ಕ್‌ಗಾಗಿ ಕರ್ತವ್ಯದಿಂದ ಬಿಡುಗಡೆ ಮಾಡಲಾಗುವುದೆಂದೂ ಪತ್ರದಲ್ಲಿ ನಮೂದಿಸಿರಬೇಕು. ದೂರಶಿಕ್ಷಣ ಅಥವಾ ಆನ್‌ಲೈನ್ ಮೂಲಕ ಪಿಎಚ್.ಡಿ. ಪಡೆಯಲು ಅವಕಾಶವಿರುವುದಿಲ್ಲ.

5. ಕಾಲಮಿತಿ

ಪಿಎಚ್.ಡಿ. ಅವಧಿಯು ಕೋರ್ಸ್‌ವರ್ಕ್ ಸೇರಿ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಮರುನೋಂದಣಿಯ ಮೂಲಕ ಇನ್ನೂ 2 ವರ್ಷ ದೊರೆಯಬಹುದು. ಮಹಿಳೆಯರಿಗೆ ಹಾಗೂ ಶೇ. 40ಕ್ಕಿಂತ ಹೆಚ್ಚಿನ ಅಂಗವೈಕಲ್ಯವುಳ್ಳ ವಿಕಲಚೇತನರಿಗೆ ಮತ್ತೆ 2 ವರ್ಷಗಳ ರಿಯಾಯಿತಿ ಇದ್ದು, ಒಟ್ಟು ಅವಧಿ 10 ವರ್ಷ ಮೀರುವಂತಿಲ್ಲ. ಮಹಿಳಾ ಸಂಶೋಧನಾರ್ಥಿಗಳಿಗೆ 240 ದಿನಗಳವರೆಗೆ ಹೆರಿಗೆ ಅಥವಾ ಶಿಶುಪಾಲನಾ ರಜೆ ನೀಡಬಹುದಾಗಿದೆ.

6. ಮಹಾಪ್ರಬಂಧದ ಸಲ್ಲಿಕೆ

ಸಲ್ಲಿಕೆಗೆ ಮುನ್ನ ಸಂಶೋಧನಾರ್ಥಿಯು ಸಲಹಾ ಸಮಿತಿಯ ಮುಂದೆ ತಮ್ಮ ಕೆಲಸವನ್ನು ಮಂಡಿಸತಕ್ಕದ್ದು. ಈ ಸಭೆಯಲ್ಲಿ ಇತರ ಬೋಧಕರು ಮತ್ತು ಸಂಶೋಧನಾರ್ಥಿಗಳೂ ಭಾಗವಹಿಸಬಹುದು. ಅನಂತರ ಕೃತಿಚೌರ್ಯ ಪರಿಶೀಲನೆ ನಡೆಯುತ್ತದೆ. ಕೃತಿಚೌರ್ಯವಿಲ್ಲವೆಂದು ಸಂಶೋಧನಾರ್ಥಿಯು ಮುಚ್ಚಳಿಕೆಯನ್ನೂ, ಕೆಲಸವು ಸ್ವಂತದ್ದೆಂದು ಮಾರ್ಗದರ್ಶಕರು ಪ್ರಮಾಣಪತ್ರವನ್ನೂ ನೀಡತಕ್ಕದ್ದು.

2018ರ ಯು.ಜಿ.ಸಿ. ವಿನಿಯಮಗಳ ಪ್ರಕಾರ ಸಾಮ್ಯತೆಯ ಪ್ರಮಾಣ ಮತ್ತು ಕ್ರಮ:

ಶೇ. 10ರವರೆಗೆ: ದಂಡನೆ ಇಲ್ಲ.
ಶೇ. 10ರಿಂದ 40: ಗರಿಷ್ಠ 6 ತಿಂಗಳೊಳಗೆ ಪರಿಷ್ಕರಿಸಿ ಮರುಸಲ್ಲಿಕೆ.
ಶೇ. 40ರಿಂದ 60: ಒಂದು ವರ್ಷದವರೆಗೆ ಮರುಸಲ್ಲಿಕೆಗೆ ನಿರ್ಬಂಧ.
ಶೇ. 60ಕ್ಕಿಂತ ಹೆಚ್ಚು: ನೋಂದಣಿ ರದ್ದು.

ಮೂಲವನ್ನು ಸೂಚಿಸಿ ಉದ್ಧರಿಸಿದ ಭಾಗ, ಗ್ರಂಥಸೂಚಿ, ಮುನ್ನುಡಿ ಮತ್ತು ಕೃತಜ್ಞತೆಗಳನ್ನು ಈ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

7. ಮೌಲ್ಯಮಾಪನ

ಮಹಾಪ್ರಬಂಧವನ್ನು ಮಾರ್ಗದರ್ಶಕರೊಂದಿಗೆ ಕನಿಷ್ಠ ಇಬ್ಬರು ಬಾಹ್ಯ ಪರೀಕ್ಷಕರು ಪರಿಶೀಲಿಸುತ್ತಾರೆ. ಬಾಹ್ಯ ಪರೀಕ್ಷಕರು ಅದೇ ವಿಶ್ವವಿದ್ಯಾಲಯದ ನೌಕರರಾಗಿರತಕ್ಕದ್ದಲ್ಲ. ಇಬ್ಬರೂ ಒಪ್ಪಿದಲ್ಲಿ ಮೌಖಿಕ ಪರೀಕ್ಷೆ ನಡೆಯುತ್ತದೆ. ಒಬ್ಬರು ತಿರಸ್ಕರಿಸಿದಲ್ಲಿ ಅನುಮೋದಿತ ಪಟ್ಟಿಯ ಮತ್ತೊಬ್ಬ ಬಾಹ್ಯ ಪರೀಕ್ಷಕರಿಗೆ ಕಳುಹಿಸಲಾಗುತ್ತದೆ. ಅವರೂ ತಿರಸ್ಕರಿಸಿದಲ್ಲಿ ಮಹಾಪ್ರಬಂಧವು ತಿರಸ್ಕೃತವಾಗುತ್ತದೆ. ಮಾರ್ಗದರ್ಶಕರ ಒಪ್ಪಿಗೆಯೊಂದರಿಂದಲೇ ಪದವಿ ದೊರೆಯುವುದಿಲ್ಲವೆಂಬುದನ್ನು ಅಭ್ಯರ್ಥಿಗಳು ಗಮನಿಸುವುದು. ಕರಡು ಹಂತದಲ್ಲಿ ಮಾರ್ಗದರ್ಶಕರು ಹಾಗೂ ಸಮಿತಿಯ ಸದಸ್ಯರು ಎತ್ತುವ ಆಕ್ಷೇಪಣೆಗಳು ಈ ಕಾರಣಕ್ಕಾಗಿಯೇ ಸಂಶೋಧನಾರ್ಥಿಗೆ ಉಪಯುಕ್ತವಾಗಿರುತ್ತವೆ.

ಸಲ್ಲಿಕೆಯಾದ ದಿನಾಂಕದಿಂದ 6 ತಿಂಗಳೊಳಗೆ ಮೌಖಿಕ ಪರೀಕ್ಷೆಯ ಫಲಿತಾಂಶವೂ ಸೇರಿದಂತೆ ಇಡೀ ಪ್ರಕ್ರಿಯೆಯನ್ನು ಪೂರ್ಣಗೊಳಿಸುವಂತೆ ವಿನಿಯಮಗಳು ತಿಳಿಸುತ್ತವೆ.

8. ಕುಂದುಕೊರತೆ ನಿವಾರಣೆ

ಮಾರ್ಗದರ್ಶನ ದೊರೆಯದಿದ್ದಲ್ಲಿ ಅಥವಾ ಅನಗತ್ಯ ವಿಳಂಬವಾದಲ್ಲಿ ಮೊದಲು ವಿಭಾಗದ ಮುಖ್ಯಸ್ಥರಿಗೆ ಲಿಖಿತ ಮನವಿ ಸಲ್ಲಿಸಿ ಸ್ವೀಕೃತಿ ಪಡೆಯುವುದು ಸೂಕ್ತ. ಪರಿಹಾರ ಕಾಣದಿದ್ದಲ್ಲಿ, 2023ರ ವಿನಿಯಮಗಳ ಅನ್ವಯ ವಿಶ್ವವಿದ್ಯಾಲಯದಲ್ಲಿರುವ ವಿದ್ಯಾರ್ಥಿ ಕುಂದುಕೊರತೆ ನಿವಾರಣಾ ಸಮಿತಿಗೆ ದೂರು ನೀಡಬಹುದು. ಸಮಿತಿಯ ತೀರ್ಮಾನ ಒಪ್ಪಿಗೆಯಾಗದಿದ್ದಲ್ಲಿ, ಅದು ಕೈಸೇರಿದ 15 ದಿನಗಳೊಳಗೆ ಓಂಬುಡ್ಸ್‌ಪರ್ಸನ್ ಅವರಿಗೆ ಮೇಲ್ಮನವಿ ಸಲ್ಲಿಸಬಹುದಾಗಿದೆ.

ಸೂಚನೆ:

1) 2022ರ ವಿನಿಯಮಗಳು ಜಾರಿಗೆ ಬರುವ ಮುನ್ನ ನೋಂದಾಯಿಸಿಕೊಂಡವರಿಗೆ ಆಯಾ ಕಾಲದ, ಅಂದರೆ 2009 ಅಥವಾ 2016ರ ವಿನಿಯಮಗಳು ಅನ್ವಯಿಸುತ್ತವೆ.
2) ಸ್ನಾತಕೋತ್ತರ ಪದವಿಯ ಪ್ರಬಂಧಗಳಿಗೆ ಆಯಾ ವಿಭಾಗದ ಪಠ್ಯಕ್ರಮದಲ್ಲಿನ ನಿಯಮಗಳು ಅನ್ವಯಿಸುತ್ತವೆ.
3) ಶುಲ್ಕ, ನಮೂನೆ ಹಾಗೂ ಪ್ರತಿಗಳ ಸಂಖ್ಯೆಯ ವಿವರಗಳನ್ನು ಸಂಬಂಧಪಟ್ಟ ವಿಶ್ವವಿದ್ಯಾಲಯದ ಕಚೇರಿಯಲ್ಲಿ ಪಡೆಯುವುದು.
4) ಸಲ್ಲಿಸಿದ ಪ್ರತಿಯೊಂದು ಮನವಿಯ ಪ್ರತಿಯನ್ನೂ ದಿನಾಂಕಸಹಿತ ಸ್ವೀಕೃತಿಯೊಂದಿಗೆ ಪದವಿ ದೊರೆಯುವವರೆಗೆ ಕಾಯ್ದಿರಿಸಿಕೊಳ್ಳುವುದು.